ಮೆಮೊರಿ ಕಾರ್ಡ್‌ನಲ್ಲಿ ಲಿನಕ್ಸ್: ಬರೆಯುವ ಮುನ್ನ ನಾಲ್ಕು ಪರೀಕ್ಷೆ

ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ ಲಿನಕ್ಸ್ ಓಡಿಸುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರುಗಳು ಸೇರಿ 2001ರಲ್ಲಿ ಪರಿಚಯಿಸಿದ ‘ಸಿಂಪ್ಯೂಟರ್’ ಲಿನಕ್ಸ್‌ನಲ್ಲೇ ನಡೆಯುತ್ತಿತ್ತು. 2004ರಲ್ಲಿ ಅದು ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಇಂಥ ಪ್ರಯೋಗವನ್ನು ಒಂದು ಮೆಮೊರಿ ಕಾರ್ಡ್‌ನಿಂದ ನಾವೂ ಮಾಡಬಹುದು.

ಎಲ್ಲ ಫೋನ್‌ಗಳಲ್ಲೂ ಇದು ಆಗುವುದಿಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು ಕಾರ್ಡ್‌ನಿಂದ ಚಾಲೂ ಆಗುವುದಿಲ್ಲ. ಪೈನ್‌ಫೋನ್ ಮತ್ತು ರಾಸ್ಪ್‌ಬೆರಿ ಪೈ ಬಳಸಿ ಕಟ್ಟಿದ ಯಂತ್ರಗಳು ಆಗುತ್ತವೆ. ಪೈನ್‌ಫೋನ್ ಆನ್ ಮಾಡಿದಾಗ ಮೊದಲು ಕಾರ್ಡನ್ನೇ ಹುಡುಕುತ್ತದೆ. ಅಲ್ಲಿ ಲಿನಕ್ಸ್ ಇದ್ದರೆ ಅದರಿಂದಲೇ ಚಾಲೂ ಆಗುತ್ತದೆ. ಕಾರ್ಡ್ ತೆಗೆದರೆ ಫೋನ್ ಮೊದಲಿನಂತೆಯೇ ಇರುತ್ತದೆ. ಆದರೆ ಕಾರ್ಡ್‌ನಲ್ಲಿ ಮೊದಲಿದ್ದದ್ದು ಮಾತ್ರ ಅಳಿಸಿಹೋಗುತ್ತದೆ. ಅದಕ್ಕೇ ಈ ನಾಲ್ಕು ಪರೀಕ್ಷೆ.

1. ಕಾರ್ಡ್‌ನಲ್ಲಿ ಏನಿದೆ? ಕಲಬುರಗಿಯಲ್ಲಿ ಓದುವ ನಮ್ಮ ಭಾಯಿಜಾನ್ ತಮ್ಮ ಪೈನ್‌ಫೋನ್‌ಗೆ ಕಾರ್ಡ್ ಕೇಳಿದರು. ಕಮಲಾಪುರದ ಮನೆಯಲ್ಲಿ ಅಬ್ಬಾರ ಹಳೆಯ ಫೋನಿನ ಕಾರ್ಡ್ ಇತ್ತು. ತೆರೆದು ನೋಡಿದರೆ ತೀರಿಹೋದ ದಾದಿಯ ಫೋಟೊಗಳು, ಅವರು ದುವಾ ಓದಿದ ಒಂದು ರೆಕಾರ್ಡಿಂಗ್! ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ, ಆ ಕಾರ್ಡನ್ನು ಹಾಗೆಯೇ ಎತ್ತಿಟ್ಟು, ಸೂಪರ್ ಮಾರ್ಕೆಟ್‌ನಿಂದ ಹೊಸ 32 ಜಿಬಿ ಕಾರ್ಡ್ ತಂದೆವು.

2. ಕಾರ್ಡ್‌ನ ಅಳತೆ ನಿಜವೇ? 32 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ ಸುಮಾರು 29.8 ಜಿಬಿ ಎಂದು ಕಂಡರೆ ಅದು ಮೋಸವಲ್ಲ. ಕಂಪನಿ 1000ದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಆದರೆ ಮೇಲೆ 64 ಎಂದು ಬರೆದು ಒಳಗೆ 8 ಮಾತ್ರ ಇರುವ ನಕಲಿ ಕಾರ್ಡ್‌ಗಳೂ ಇವೆ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’, ಲಿನಕ್ಸ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತವೆ.

3. ಫೈಲ್ ಪೂರ್ತಿ ಬಂದಿದೆಯೇ? ಲಿನಕ್ಸ್‌ನ ಇಮೇಜ್ ಫೈಲ್ ದೊಡ್ಡದು. ಮೊಬೈಲ್ ಡೇಟಾದಲ್ಲಿ ಇಳಿಸುವಾಗ ನಡುವೆ ಕೆಡಬಹುದು. ಡೌನ್‌ಲೋಡ್ ಪುಟದಲ್ಲಿ ‘ಶಾ-256’ ಎಂಬ 64 ಅಕ್ಷರಗಳ ಗುರುತು ಕೊಟ್ಟಿರುತ್ತಾರೆ. ನಮ್ಮ ಫೈಲ್‌ನ ಗುರುತನ್ನು ಕಂಪ್ಯೂಟರಿನಲ್ಲಿ ತೆಗೆದು ಹೋಲಿಸಬೇಕು. ಒಂದಕ್ಷರ ಬೇರೆಯಾದರೂ ಮತ್ತೆ ಇಳಿಸಬೇಕು.

4. ಬರೆಯುತ್ತಿರುವುದು ಯಾವ ಡಿಸ್ಕ್ ಮೇಲೆ? ಫೈಲನ್ನು ಕಾರ್ಡ್‌ಗೆ ಕಾಪಿ-ಪೇಸ್ಟ್ ಮಾಡಿದರೆ ಸಾಲದು. ಯಂತ್ರ ಚಾಲೂ ಆಗಲು ಬೇಕಾದ ಭಾಗಗಳು ಕಾರ್ಡ್‌ನಲ್ಲಿ ತಮ್ಮ ತಮ್ಮ ಜಾಗದಲ್ಲೇ ಕೂರಬೇಕು. ಆ ಕೆಲಸವನ್ನು ‘ಬಲೇನಾ ಎಚರ್’ನಂಥ ತಂತ್ರಾಂಶ ಮಾಡುತ್ತದೆ. ಬೇರೆ ಪೆನ್‌ಡ್ರೈವ್‌ಗಳನ್ನು ಮೊದಲೇ ತೆಗೆದುಬಿಡಿ. ಪಟ್ಟಿಯಲ್ಲಿ ಡಿಸ್ಕ್‌ನ ಹೆಸರನ್ನೂ ಅಳತೆಯನ್ನೂ ಎರಡು ಸಲ ಓದಿ ಆರಿಸಿ.

ಬರೆದು ಮುಗಿದ ಮೇಲೆ ವಿಂಡೋಸ್ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಬಹುದು. ಲಿನಕ್ಸ್ ಬಳಸುವ ‘ಇಎಕ್ಸ್‌ಟಿ4’ ಮಾದರಿಯನ್ನು ಅದು ಓದಲಾರದು, ಅದಕ್ಕೇ ಆ ಪ್ರಶ್ನೆ. ‘ಬೇಡ’ ಎಂದು ಒತ್ತಿ, ‘ಇಜೆಕ್ಟ್’ ಮಾಡಿಯೇ ಕಾರ್ಡ್ ತೆಗೆಯಿರಿ.

ನಮ್ಮ ಲ್ಯಾಬ್‌ನಲ್ಲಿ ಮಾಡುವುದಾದರೆ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರ ಅನುಮತಿ ಪಡೆದು, ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿ ತಪ್ಪು ಡಿಸ್ಕ್ ಆರಿಸಿದರೆ ಅಳಿಯುವುದು ಇಡೀ ತರಗತಿಯ ಪ್ರಾಕ್ಟಿಕಲ್ ಕೆಲಸ.