ಹನ್ನೆರಡು ವೋಲ್ಟ್ ಇತ್ತು, ಕಿಡಿ ಇರಲಿಲ್ಲ!

ಮಾರ್ಚ್ ತಿಂಗಳ ಒಂದು ಮುಂಜಾನೆ. ಮಗಳಿಗೆ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪರೀಕ್ಷೆ. ಕೇಂದ್ರ ಹದಿನಾಲ್ಕು ಕಿಲೋಮೀಟರ್ ದೂರ. ನಮ್ಮ ತಂದೆಯವರ ಕಾಲದ ಪೆಟ್ರೋಲ್ ಕಾರಿನ ಎಂಜಿನ್ ಗರಗರ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಬಸ್ಸಿಗೆ ಓಡಿ, ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ ಅವಳು ಕೊಠಡಿ ಸೇರಿದಳು. ಗೇಟಿನ ಹೊರಗೆ ನಿಂತ ನನಗೆ ನನ್ನ ಮೇಲೇ ಸಿಟ್ಟು.

ಆಮೇಲೆ ಪ್ಲಗ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಹೊಸ ಕಾಯಿಲ್ ಹಾಕಿಸಿದೆ. ಆದರೂ ಕಾರು ಒಂದು ದಿನ ಹೊರಟರೆ ಮರುದಿನ ಇಲ್ಲ. ಮಲ್ಟಿಮೀಟರ್ ಹಿಡಿದು ಕಾಯಿಲ್‌ಗೆ ಬರುವ ತಂತಿಯನ್ನು ಅಳೆದೆ. ಸರಿಯಾಗಿ 12 ವೋಲ್ಟ್! “ವೈರಿಂಗ್‌ನಲ್ಲಿ ದೋಷವಿಲ್ಲ” ಎಂದು ತೀರ್ಪು ಕೊಟ್ಟೆ.

ಪಕ್ಕದಲ್ಲಿದ್ದ ಮಗಳು ಕೇಳಿದಳು: “ಅಪ್ಪ, ನೀವು ಅಳೆದಾಗ ತಂತೀಲಿ ಕರೆಂಟ್ ಹರೀತಿತ್ತಾ?”

ವರ್ಷಾನುಗಟ್ಟಲೆ ಓಮನ ನಿಯಮ ಪಾಠ ಮಾಡಿದ ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ.

ಹಳೆಯ ಕಾರುಗಳಲ್ಲಿ ಕಿಡಿ ಹುಟ್ಟುವ ಬಗೆ ಸರಳ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಇಗ್ನಿಷನ್ ಸ್ವಿಚ್, ಕಾಯಿಲ್‌ನ ದಪ್ಪ ತಂತಿಯ ಸುರುಳಿ, ಡಿಸ್ಟ್ರಿಬ್ಯೂಟರಿನ ಪಾಯಿಂಟ್‌ಗಳ ಮೂಲಕ ಎಂಜಿನ್ನಿನ ಲೋಹ ಸೇರಿ ಬ್ಯಾಟರಿಗೆ ಮರಳುತ್ತದೆ. ಪಾಯಿಂಟ್ ತೆರೆದೊಡನೆ ಪ್ರವಾಹ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಆಗ ಸಾವಿರಾರು ಸುತ್ತುಗಳ ಸಣ್ಣ ತಂತಿಯ ಸುರುಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಉಂಟಾಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ.

ನಾನು ಅಳೆದದ್ದು ಪಾಯಿಂಟ್ ತೆರೆದಿದ್ದಾಗ. ಆಗ ಪ್ರವಾಹವಿಲ್ಲ. ಪ್ರವಾಹವಿಲ್ಲದಿದ್ದರೆ ಕಿಲುಬು ಹಿಡಿದ ಜೋಡಣೆಯಲ್ಲೂ ವೋಲ್ಟ್ ಇಳಿಯುವುದಿಲ್ಲ. ಮೀಟರು 12 ಎಂದೇ ತೋರಿಸುತ್ತದೆ. ಎಂಜಿನ್ನನ್ನು ಕೈಯಿಂದ ತುಸು ತಿರುಗಿಸಿ, ಪಾಯಿಂಟ್ ಮುಚ್ಚಿರುವಂತೆ ಮಾಡಿ, ಸ್ವಿಚ್ ಹಾಕಿ ಮತ್ತೆ ಅಳೆದೆವು. ಕಾಯಿಲ್‌ಗೆ ಬರುತ್ತಿದ್ದದ್ದು 9 ವೋಲ್ಟ್ ಮಾತ್ರ! ಉಳಿದ 3 ವೋಲ್ಟ್ ಇಗ್ನಿಷನ್ ಸ್ವಿಚ್ಚಿನ ಹಿಂದೆ, ಹಸಿರುಗಟ್ಟಿದ ಒಂದು ಟರ್ಮಿನಲ್‌ನಲ್ಲಿ ಪೋಲಾಗುತ್ತಿತ್ತು.

ಮಗಳು ಲೆಕ್ಕ ಹಾಕಿದಳು. ಕಾಯಿಲ್‌ನ ರೋಧ 3 ಓಮ್. 12 ವೋಲ್ಟ್ ಪೂರ್ತಿ ಸಿಕ್ಕರೆ ಪ್ರವಾಹ 4 ಆಂಪಿಯರ್. 9 ವೋಲ್ಟ್ ಸಿಕ್ಕರೆ 3. ಕಾಯಿಲ್‌ನಲ್ಲಿ ಸಂಗ್ರಹವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತವಾಗಿರುವುದರಿಂದ ಹದಿನಾರು ಪಾಲಿನಲ್ಲಿ ಉಳಿದದ್ದು ಒಂಬತ್ತೇ ಪಾಲು. ಸೆಲ್ಫ್ ಒತ್ತಿದಾಗ ಬ್ಯಾಟರಿಯ ವೋಲ್ಟೇಜೂ ಕುಗ್ಗುತ್ತದೆ. ಕಿಡಿ ಸೊರಗದೆ ಇರುತ್ತದೆಯೇ?

ಇಂಥ ಕಾರು ನಿಮ್ಮಲ್ಲೂ ಇದ್ದರೆ ಈ ಕ್ರಮ ಅನುಸರಿಸಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಎಂಜಿನ್ ತಿರುಗಿಸುವಾಗ ಸ್ವಿಚ್ ಆಫ್ ಆಗಿರಲಿ. ಮೊದಲು ಬ್ಯಾಟರಿಯ ಟರ್ಮಿನಲ್ ನೋಡಿ. ನಂತರ ಪಾಯಿಂಟ್ ಮುಚ್ಚಿಟ್ಟು, ಬ್ಯಾಟರಿಯಿಂದ ಕಾಯಿಲ್‌ವರೆಗೆ ಒಂದೊಂದೇ ಜೋಡಣೆಯ ಎರಡೂ ಬದಿಗೆ ಮೀಟರ್ ಇಟ್ಟು ಅಳೆಯಿರಿ. ಎಲ್ಲಿ ವೋಲ್ಟ್ ಕಾಣುತ್ತದೋ ಕಳ್ಳ ಅಲ್ಲಿದ್ದಾನೆ. ಮುಚ್ಚಿದ ಪಾಯಿಂಟ್‌ನಲ್ಲೂ ಎಂಜಿನ್ನಿನ ಅರ್ಥ್ ಪಟ್ಟಿಯಲ್ಲೂ ಅದು ಸೊನ್ನೆಗೆ ಹತ್ತಿರವಿರಬೇಕು. ಕೆಲವು ಕಾರುಗಳಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಅದರಲ್ಲಿ ವೋಲ್ಟ್ ಇಳಿಯುವುದು ಸಹಜ. ಸ್ವಿಚ್ಚನ್ನು ಬಹಳ ಹೊತ್ತು ಹಾಕಿಡಬೇಡಿ, ಕಾಯಿಲ್ ಕಾಯುತ್ತದೆ. ಪ್ಲಗ್‌ನ ತಂತಿಗಳನ್ನಂತೂ ಎಂಜಿನ್ ತಿರುಗುವಾಗ ಮುಟ್ಟಲೇಬೇಡಿ.

ಬ್ಯಾಟರಿ ತಂತಿ ಕಳಚಿ, ಎಮರಿ ಕಾಗದದಿಂದ ಆ ಟರ್ಮಿನಲ್ ಉಜ್ಜಿ ಬಿಗಿ ಮಾಡಿದೆವು. ಸುಮ್ಮನೆ ತೆಗೆದಿಟ್ಟಿದ್ದ ಹಳೆಯ ಕಾಯಿಲನ್ನೇ ಮತ್ತೆ ಹಾಕಿದೆವು. ಮೊದಲ ಸಲಕ್ಕೇ ಕಾರು ಹೊರಟಿತು.

ಈಗ ಓಮನ ನಿಯಮದ ಪಾಠವನ್ನು ನಾನು ಮಗಳು ಕೇಳಿದ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.