ಅಣಬೆ ನಮ್ಮ ಗೆಳೆಯ

2022ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗ ಬಂದು ತೊಗರಿ ಒಣಗಿತು. ನಮ್ಮ ಹೊಲವೂ ಹೋಯಿತು. ಈ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ, ಅಂದರೆ ಬೂಷ್ಟಿನಿಂದ ಬರುತ್ತದೆ. ಅದಕ್ಕೇ ನಮ್ಮ ಮುತ್ಯಾ "ಬೂಷ್ಟು, ಅಣಬಿ ಎಲ್ಲಾ ಕೆಟ್ಟವೇ" ಅಂತಾನ.

ಆದರೆ ಎಲ್ಲಾ ಕೆಟ್ಟವಲ್ಲ. ಟ್ರೈಕೋಡರ್ಮಾ ಎಂಬ ಶಿಲೀಂಧ್ರವೇ ನೆಟೆ ರೋಗವನ್ನು ತಡೆಯುತ್ತದೆ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಹಚ್ಚಬೇಕು.

ಅಣಬೆಯೂ ಶಿಲೀಂಧ್ರವೇ. ಅದು ಸತ್ತ ಎಲೆ, ಕಟ್ಟಿಗೆ ಕೊಳೆಸಿ ಮಣ್ಣಿಗೆ ಸಾರ ಕೊಡುತ್ತದೆ.

ಚಿಪ್ಪು ಅಣಬೆಯನ್ನು ಮನೆಯಲ್ಲೇ ಬೆಳೆಯಬಹುದು. ಜೋಳದ ಕಣಿಕಿ ಅಥವಾ ನಮ್ಮ ಕಮಲಾಪುರದ ಕೆಂಪು ಬಾಳೆಯ ಒಣ ಎಲೆ ಸಣ್ಣಗೆ ಕತ್ತರಿಸಿ, ರಾತ್ರಿ ನೆನೆಸಿ, ಕುದಿಸಿ, ಬಸಿದು ಆರಿಸಬೇಕು. ಪ್ಲಾಸ್ಟಿಕ್ ಚೀಲದಾಗ ಪದರು ಪದರಾಗಿ ತುಂಬಿ, ನಡುವೆ ಅಣಬೆ ಬೀಜ ಹಾಕಿ, ತೂತು ಮಾಡಿ, ಕತ್ತಲೆ ಕೋಣೆಯಲ್ಲಿಡಬೇಕು. ಸುಮಾರು 20 ದಿನಕ್ಕೆ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಹರಿದು ದಿನಾ ನೀರು ಚಿಮುಕಿಸಿದರೆ ಅಣಬೆ ಏಳುತ್ತವೆ. ನಮ್ಮ ಬ್ಯಾಸಗಿ ಬಿಸಿಲಿಗೆ ಬರಲ್ಲ; ಮಳೆಗಾಲ, ಚಳಿಗಾಲ ಚಲೋ. ಬೀಜಕ್ಕೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಉಳಿದ ಕಣಿಕಿ ಸುಡಬೇಡಿ, ತಿಪ್ಪೆಗೆ ಹಾಕಿದರೆ ಗೊಬ್ಬರ.

ಹೊಲದಾಗಿನ ನಾಯಿಕೊಡೆ ಮಾತ್ರ ತಿನ್ನಬೇಡಿ, ವಿಷ ಇರಬಹುದು.

ಈ ಸಲ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಾಕ ಮುತ್ಯಾ ಒಪ್ಪ್ಯಾನ!