ವಡಾಲದ ಓಣಿಯವರು

ಮುಂಬಯಿಯ ಹಾರ್ಬರ್ ಲೈನು ವಡಾಲ ರೋಡಿನಲ್ಲಿ ಕವಲೊಡೆಯುತ್ತದೆ. ಒಂದು ಪನ್ವೇಲಿನತ್ತ, ಇನ್ನೊಂದು ಬಾಂದ್ರಾದತ್ತ. ಸಂಜೆಯ ಆ ನೂಕುನುಗ್ಗಲಿನಲ್ಲಿ ಅವನೊಬ್ಬನಿಗೆ ಮಾತ್ರ ಯಾವ ಗಾಡಿಯೂ ಬೇಕಿರಲಿಲ್ಲ. ಹತ್ತೋ ಹನ್ನೊಂದೋ ವರ್ಷದ ಪೋರ. ಖಾಲಿ ಬಾಟಲಿ ತುಂಬಿದ ಗೋಣಿಗೆ ಬೆನ್ನು ಕೊಟ್ಟು ಅಂಗೈಯ ಚಿಲ್ಲರೆ ಎಣಿಸಿದ. ಎದ್ದು ಹೋಗಿ ವಡಾಪಾವ್ ತಂದು ತಿಂದ. ಮಿಕ್ಕ ಕಾಸಿಗೆ ಇನ್ನೊಂದು ತಂದ. ದುಂದುಗಾರ ಅನ್ನಬೇಡಿ. ಬೀದಿಯಲ್ಲಿ ಮಲಗುವವನ ಜೇಬಿನ ದುಡ್ಡು ಬೆಳಗಿನ ತನಕ ಉಳಿಯುವುದಿಲ್ಲ, ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆ. ಹೊಟ್ಟೆಯೇ ತಿಜೋರಿ.

ಇದೇ ವಡಾಲದ ಸೇಂಟ್ ಜೋಸೆಫ್ಸ್ ಶಾಲೆಯ ಬಳಿ ಸಲೇಶಿಯನ್ ಎಂಬ ಕ್ರೈಸ್ತ ಸಭೆಯ ಪಾದ್ರಿಗಳು 1987ರಲ್ಲಿ ಇಂಥವರಿಗೆಂದೇ ಒಂದು ಸೂರು ಮಾಡಿದರು. ಹೆಸರು ಶೆಲ್ಟರ್ ಡಾನ್ ಬಾಸ್ಕೊ. ಅವರ ಮೂಲಪುರುಷ ಜಾನ್ ಬಾಸ್ಕೊ ಇಟಲಿಯ ಟ್ಯೂರಿನ್‌ನಲ್ಲಿದ್ದವರು. 1841ರ ಡಿಸೆಂಬರಿನಲ್ಲಿ ಇಗರ್ಜಿಯೊಳಗೆ ಮುದುಡಿ ನಿಂತಿದ್ದ ಗಾರೆ ಕೆಲಸದ ಅನಾಥ ಹುಡುಗನೊಬ್ಬನನ್ನು ಓದು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿ, ಕೊನೆಗೆ ಸಿಳ್ಳೆಯಾದರೂ ಬರುತ್ತದೋ ಎಂದರಂತೆ. ಹುಡುಗ ನಕ್ಕುಬಿಟ್ಟ. ಮುಂದೆ ಅವರು ಹುಡುಗರನ್ನು ಕೆಲಸಕ್ಕಿಟ್ಟುಕೊಂಡ ಧಣಿಗಳಿಂದ ಕರಾರುಪತ್ರವನ್ನೇ ಬರೆಸಿಕೊಂಡರು: ಹೊಡೆಯಕೂಡದು, ಹಬ್ಬದ ದಿನ ರಜೆ ಕೊಡಬೇಕು. ಎಷ್ಟೋ ಪ್ರವಚನಗಳಿಗಿಂತ ಈ ಕಾಗದ ನನಗೆ ದೊಡ್ಡದು.

ಮನೆ ಬಿಟ್ಟು ಮುಂಬಯಿಗೆ ಓಡಿಬಂದ ಹುಡುಗರು ನಮಗೇನು ಹೊಸಬರೇ? ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದವರೆಲ್ಲ ಅವರೇ. ಆದರೆ ಗಲ್ಲಾದಲ್ಲಿ ಊರಿನವರೊಬ್ಬರು ಕೂತಿರುತ್ತಿದ್ದರು, ರಾತ್ರಿ ಕಲಿಯಲು ಕನ್ನಡ ಶಾಲೆಯಿತ್ತು. ಮೊಗವೀರರ ರಾತ್ರಿಶಾಲೆಯಂತೂ 1908ರದು. ಪ್ಲಾಟ್‌ಫಾರ್ಮಿನ ಪೋರನಿಗೆ ಊರಿನವರು ಯಾರು? ಆ ಜಾಗವನ್ನೇ ಈ ಪಾದ್ರಿಗಳು ತುಂಬಲು ಹೊರಟಿದ್ದು. ಸ್ನಾನಕ್ಕೆ ನೀರು, ಭಯವಿಲ್ಲದ ನಿದ್ದೆ, ಆಮೇಲೆ ಅಕ್ಷರ, ಕಸುಬು, ಸಾಧ್ಯವಾದರೆ ಮನೆಯ ದಾರಿ.

ಬೀದಿ ಮಕ್ಕಳಿಗಾಗಿ ಇಲ್ಲಿಯವರು ನಡೆಸುತ್ತ ಬಂದ ಮೇಳಕ್ಕೆ 'ಗಮ್ಮತ್ ಡೇ' ಎಂದು ಹೆಸರು. ಮಂಗಳೂರಿನವರಿಗೆ ಅರ್ಥ ಹೇಳಬೇಕಿಲ್ಲ! ಇದೇ ಸಭೆಯವರು 1980ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಸಂಸ್ಥೆ 'ಬಾಸ್ಕೊ' ಎಂದೇ ಪರಿಚಿತ. ಬಿಡಿಸಿ ಓದಿದರೆ ಅಚ್ಚ ಕನ್ನಡ: ಬೆಂಗಳೂರು ಓಣಿಯವರ ಸೇವಾ ಕೂಟ. ಓಣಿಯವರು! ಅನಾಥರು, ನಿರ್ಗತಿಕರು ಎನ್ನದೆ ನೆರೆಹೊರೆಯವರನ್ನು ಕರೆದಂತೆ ಕರೆದಿದ್ದಾರೆ.

ಎರಡನೆಯ ವಡಾಪಾವ್ ಮುಗಿಸಿ ಹುಡುಗ ಗೋಣಿಯನ್ನೇ ತಲೆದಿಂಬು ಮಾಡಿಕೊಂಡ. ಅಂಥ ಒಂಟಿ ಮಗು ನಿಮ್ಮ ಕಣ್ಣಿಗೂ ಬಿದ್ದರೆ 1098ಕ್ಕೆ ಫೋನ್ ಮಾಡಿ. ಕಾಸು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ.